ನೆಲದೊಳಗಿನ ಕಾಮಗಾರಿಗಳು: ಅಪಾಯದ ಹೊಣೆ ಮತ್ತು ವಿಮೆ

ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಲೇಖನ

ಗ್ರಾಮ ಪಂಚಾಯತಿಗಳ ವಾರ್ಷಿಕ ಕ್ರಿಯಾಯೋಜನೆಯಲ್ಲಿ ‘ಸುರಂಗ’ ಎಂಬ ಶಬ್ದವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ಸುರಂಗ ಕಾಮಗಾರಿಗಳ ಅಪಾಯ ನಿರ್ವಹಣೆ ಹಾಗೂ ವಿಮೆ ಎಂಬ ವಿಷಯವು ಮೆಟ್ರೊ ರೈಲಿನವರಿಗೋ ಜಲವಿದ್ಯುತ್ ಯೋಜನೆಯವರಿಗೋ ಸೇರಿದ್ದೆಂದು ಸದಸ್ಯರು ಭಾವಿಸುವುದು ಸಹಜ. ಆದರೆ ಮನುಷ್ಯನು ನೆಲವನ್ನು ತೋಡಿ, ಅದರೊಳಗೆ ಇಳಿದು ದುಡಿಯುವ ಪ್ರತಿಯೊಂದು ಕೆಲಸವೂ ಇದೇ ಜಾತಿಗೆ ಸೇರಿದ್ದು. ತೆರೆದ ಬಾವಿಯ ಹೂಳೆತ್ತುವುದು, ಬಾವಿಯನ್ನು ಆಳಗೊಳಿಸುವುದು, ಕುಡಿಯುವ ನೀರಿನ ಕೊಳವೆಗಾಗಿ ಕಂದಕ ತೋಡುವುದು, ರಸ್ತೆಯ ಅಡಿಯಿಂದ ಕೊಳವೆ ದಾಟಿಸುವುದು, ಒಳಚರಂಡಿಯ ಆಳಗುಂಡಿ ಕಟ್ಟುವುದು ಇವೆಲ್ಲವೂ ನಮ್ಮ ಗ್ರಾಮಗಳಲ್ಲಿ ನಡೆಯುತ್ತಿವೆ. ಕೃಷ್ಣೆಯ ನೀರನ್ನು ತಿಕೋಟಾ ಹಾಗೂ ಬಬಲೇಶ್ವರ ಭಾಗಕ್ಕೆ ಏರಿಸುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಂತಹ ದೊಡ್ಡ ಕಾಮಗಾರಿಗಳೂ ಪಂಚಾಯತಿಗಳ ಸರಹದ್ದಿನಲ್ಲಿಯೇ ನಡೆದಿವೆ. ದೊಡ್ಡ ಯೋಜನೆಗಳಿಗೆ ತಮ್ಮದೇ ಎಂಜಿನಿಯರುಗಳೂ ಕಾನೂನು ಸಲಹೆಗಾರರೂ ಇರುತ್ತಾರೆ. ಪಂಚಾಯತಿಯ ಸಣ್ಣ ಕಾಮಗಾರಿಗೆ ಸಭೆಯಲ್ಲಿ ಕೈಯೆತ್ತಿ ಠರಾವು ಪಾಸು ಮಾಡುವ ಸದಸ್ಯರೇ ಮೊದಲ ಕಾವಲುಗಾರರು.

ನೆಲದ ಮೇಲಿನ ಕಟ್ಟಡಕ್ಕೂ ನೆಲದೊಳಗಿನ ಕಾಮಗಾರಿಗೂ ಇರುವ ಮುಖ್ಯ ವ್ಯತ್ಯಾಸವನ್ನು ಮೊದಲು ತಿಳಿಯಬೇಕು. ಶಾಲಾ ಕೊಠಡಿ ಕಟ್ಟುವಾಗ ಬಳಸುವ ಇಟ್ಟಿಗೆ, ಉಕ್ಕು, ಸಿಮೆಂಟು ಎಲ್ಲವನ್ನೂ ನಾವೇ ಆರಿಸಿ ತರುತ್ತೇವೆ. ಕಂದಕ ಅಥವಾ ಸುರಂಗದಲ್ಲಿ ಮುಖ್ಯ ಸಾಮಗ್ರಿಯು ನೆಲವೇ ಆಗಿದೆ. ಅದನ್ನು ಯಾರೂ ಆರಿಸಿ ತಂದಿಲ್ಲ, ತೋಡುವವರೆಗೆ ಯಾರೂ ಪೂರ್ತಿಯಾಗಿ ಕಂಡೂ ಇಲ್ಲ. ಅಂದಾಜು ಪತ್ರಿಕೆಯಲ್ಲಿ ಬರೆದಿರುವ ‘ಮೆದು ಮಣ್ಣು, ಗಟ್ಟಿ ಗರಸು, ಕಲ್ಲು’ ಎಂಬ ಪಾಲುಗಳು ಒಂದು ಊಹೆ ಮಾತ್ರ. ಆ ಊಹೆ ತಪ್ಪಿದಾಗ ಹಣದ ನಷ್ಟ ಯಾರದು, ಜೀವಹಾನಿಯಾದರೆ ಪರಿಹಾರ ಯಾರದು ಎಂಬ ಎರಡು ಪ್ರಶ್ನೆಗಳಿಗೆ ಕೆಲಸ ಆರಂಭವಾಗುವ ಮುನ್ನವೇ ಲಿಖಿತ ಉತ್ತರ ಇರಬೇಕು. ಅಪಘಾತದ ನಂತರ ಹುಡುಕುವ ಉತ್ತರವು ಬಹುತೇಕ ಜಗಳವಾಗಿಯೇ ಮುಗಿಯುತ್ತದೆ.

ನಮ್ಮ ನೆಲದ ಸ್ವಭಾವ

ವಿಜಯಪುರ ಸೀಮೆಯ ತಳದಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲು. ಪುರಾತನ ಕಾಲದಲ್ಲಿ ಲಾವಾರಸವು ಒಂದರ ಮೇಲೊಂದು ಪದರವಾಗಿ ಹರಿದು ಹೆಪ್ಪುಗಟ್ಟಿದ್ದರಿಂದ ಈ ಕಲ್ಲು ಒಂದೇ ಗಟ್ಟಿಯಾಗಿಲ್ಲ. ಗಟ್ಟಿ ಪದರದ ಕೆಳಗೆ ರಂಧ್ರಗಳುಳ್ಳ ಸಡಿಲ ಕಲ್ಲು, ಎರಡು ಪದರಗಳ ನಡುವೆ ಅಲ್ಲಲ್ಲಿ ಕೆಂಪು ಮಣ್ಣಿನಂತಹ ಮೆದು ಪಟ್ಟಿ, ಕೆಲವೆಡೆ ಮೇಲೆ ಗರಸು, ಎಲ್ಲಕ್ಕೂ ಮೇಲೆ ಎರೆಮಣ್ಣು. ಬಾವಿ ತೋಡಿದವರಿಗೆ ಈ ವಿಷಯ ಪುಸ್ತಕವಿಲ್ಲದೆಯೇ ತಿಳಿದಿದೆ. ಗಟ್ಟಿ ಕಲ್ಲು ಸಿಕ್ಕಿತೆಂದು ನೆಮ್ಮದಿಯಿಂದ ಇಳಿದವರ ಪಕ್ಕದಲ್ಲಿಯೇ ಮೆದು ಪಟ್ಟಿ ನೀರು ಕುಡಿದು ಜಾರಬಹುದು.

ಎರೆಮಣ್ಣಿನ ವಿಷಯವನ್ನು ವಿಶೇಷವಾಗಿ ಹೇಳಬೇಕಾಗಿದೆ. ಡೋಣಿ ನದಿಯ ಎರಡೂ ದಂಡೆಗಳ ಎರೆಭೂಮಿಯಲ್ಲಿ, ಸಾರವಾಡದಂತಹ ಊರುಗಳ ಆಸುಪಾಸಿನಲ್ಲಿ, ಬೇಸಿಗೆಯಲ್ಲಿ ತೋಡಿದ ಕಂದಕದ ಗೋಡೆಯು ಕರಣೆಯಿಂದ ತೀಡಿದಂತೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ಕಂಡು ಆಸರೆಯ ಅಗತ್ಯವಿಲ್ಲವೆಂದು ತೀರ್ಮಾನಿಸುವುದು ಅತ್ಯಂತ ಅಪಾಯಕಾರಿ. ಒಣಗಿದಾಗ ಬಿರಿಯುವ ಈ ಮಣ್ಣಿನ ಬಿರುಕುಗಳು ನೆಲದ ಮೇಲಿನಿಂದ ಆಳಕ್ಕೆ ಇಳಿದಿರುತ್ತವೆ. ಒಂದು ಮಳೆ ಬಿದ್ದೊಡನೆ ಮಣ್ಣು ಹಿಗ್ಗಿ, ಬಿರುಕಿನುದ್ದಕ್ಕೂ ಗೋಡೆಯು ಹಲಗೆಯಂತೆ ಕಳಚಿ ಬೀಳುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕವು ಒಂದೂವರೆ ಟನ್ನಿಗೂ ಹೆಚ್ಚು. ಎದೆಯ ಮಟ್ಟದವರೆಗೆ ಹೂತುಹೋದವನ ತಲೆ ಹೊರಗಿದ್ದರೂ ಉಸಿರಾಡಲು ಎದೆ ಹಿಗ್ಗುವುದಿಲ್ಲ. ಆದುದರಿಂದ ‘ಆಳ ಆರಡಿ ಮಾತ್ರ’ ಎಂಬ ಸಮಾಧಾನಕ್ಕೆ ಅರ್ಥವಿಲ್ಲ.

ಕಾಮಗಾರಿಯ ಮಾರ್ಗದಲ್ಲಿ ಮೊದಲೇ ಮೂರು ನಾಲ್ಕು ಕಡೆ ಪರೀಕ್ಷಾ ಗುಂಡಿ ತೋಡಿಸಿ, ಎಷ್ಟು ಆಳಕ್ಕೆ ಏನು ಸಿಕ್ಕಿತು ಎಂದು ಬರೆದಿಡುವುದಕ್ಕೆ ಜೆಸಿಬಿಯ ಅರ್ಧ ದಿನದ ಬಾಡಿಗೆ ಸಾಕು. ಈ ಬರವಣಿಗೆಯನ್ನು ಟೆಂಡರ್ ದಾಖಲೆಗೆ ಲಗತ್ತಿಸಿದರೆ, ‘ಇಲ್ಲಿಯವರೆಗಿನ ನೆಲ ಇದು, ಇದಕ್ಕಿಂತ ಬೇರೆಯದು ಸಿಕ್ಕಿದರೆ ಅದರ ವೆಚ್ಚವನ್ನು ಪಂಚಾಯತಿಯು ಪರಿಶೀಲಿಸುತ್ತದೆ’ ಎಂಬ ಗೆರೆಯನ್ನು ಎಳೆದಂತಾಗುತ್ತದೆ. ಜಗತ್ತಿನ ದೊಡ್ಡ ಸುರಂಗ ಯೋಜನೆಗಳಲ್ಲಿ ಮಾಡುವುದೂ ಇದನ್ನೇ, ಕೇವಲ ದೊಡ್ಡ ಪ್ರಮಾಣದಲ್ಲಿ. ನೆಲದ ಅಪಾಯವನ್ನೆಲ್ಲ ಗುತ್ತಿಗೆದಾರನ ತಲೆಗೆ ಕಟ್ಟುವ ಒಪ್ಪಂದವು ಕಾಗದದಲ್ಲಿ ಪಂಚಾಯತಿಗೆ ಲಾಭದಂತೆ ಕಾಣುತ್ತದೆ. ವಾಸ್ತವದಲ್ಲಿ ಆತನು ಕಲ್ಲು ಸಿಕ್ಕಲ್ಲಿ ಕೊಳವೆಯನ್ನು ಮೇಲೆಯೇ ಹಾಸಿ, ಆಸರೆಗೆ ಖರ್ಚು ಮಾಡಬೇಕಾದಲ್ಲಿ ಕೂಲಿಗಳ ಧೈರ್ಯವನ್ನೇ ಆಸರೆ ಮಾಡಿಕೊಳ್ಳುತ್ತಾನೆ.

ಆದಿಲ್ ಶಾಹಿ ಕಾಲದ ಸುರಂಗಗಳು

ನೆಲದೊಳಗಿನ ನಿರ್ಮಾಣಕ್ಕೆ ನಮ್ಮ ಜಿಲ್ಲೆಯೇ ಹಳೆಯ ಪಾಠಶಾಲೆ. ಆದಿಲ್ ಶಾಹಿ ಅರಸರ ಕಾಲದಲ್ಲಿ ತೊರವಿಯ ಕಡೆಯಿಂದ ವಿಜಯಪುರ ನಗರಕ್ಕೆ ಭೂಗತ ಕಾಲುವೆಯ ಮೂಲಕ ನೀರು ತರಲಾಯಿತು. ‘ಕಾರೇಜ್’ ಎಂದು ಕರೆಯುವ ಈ ಪದ್ಧತಿಯ ಮುಖವೇ ಸುರಂಗ ಬಾವಡಿ. ನಗರದ ದಕ್ಷಿಣಕ್ಕಿರುವ ಬೇಗಂ ತಲಾಬನ್ನು 1651ರಲ್ಲಿ ಮಹಮ್ಮದ್ ಆದಿಲ್ ಶಾಹನು ಕಟ್ಟಿಸಿದನು. ಅಲ್ಲಿಂದಲೂ ನೆಲದೊಳಗೆ ಹುಗಿದ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಹರಿಯುತ್ತಿತ್ತು. ನೀರಿನ ಒತ್ತಡ ತಗ್ಗಿಸಲು ನಡುನಡುವೆ ಕಟ್ಟಿದ ‘ಗಂಜ್’ ಎಂಬ ಗೋಪುರಗಳು ಇಂದಿಗೂ ನಗರದಲ್ಲಿ ನಿಂತಿವೆ.

ಕಾರೇಜಿನ ರಚನೆಯಲ್ಲಿ ಗಮನಿಸಬೇಕಾದದ್ದು ಸುರಂಗದ ಮಾರ್ಗದುದ್ದಕ್ಕೂ ಸಾಲಾಗಿ ಕೊರೆದ ನೇರ ಬಾವಿಗಳು. ತೋಡಿದ ಮಣ್ಣನ್ನು ಮೇಲೆತ್ತುವುದಕ್ಕೆ, ಒಳಗಿನವರಿಗೆ ಗಾಳಿ ಬರುವುದಕ್ಕೆ, ಮುಂದೆ ಹೂಳು ತೆಗೆಯಲು ಇಳಿಯುವುದಕ್ಕೆ ಅವು ಬೇಕಾಗಿದ್ದವು. ಅವುಗಳಿಂದ ಇನ್ನೊಂದು ಫಲವೂ ದೊರೆಯಿತು: ಒಳಗೆ ದುಡಿಯುವವನು ಹೊರದಾರಿಯಿಂದ ಎಂದೂ ಬಹಳ ದೂರವಿರುತ್ತಿರಲಿಲ್ಲ. ವಿಮೆಯೆಂಬ ವ್ಯವಸ್ಥೆಯೇ ಇಲ್ಲಿ ಇಲ್ಲದ ಕಾಲದಲ್ಲಿ ಅಪಾಯದ ಬಹುಪಾಲನ್ನು ರಚನೆಯಲ್ಲಿಯೇ ಕಳೆದಿದ್ದರು.

ಈ ಹಳೆಯ ಕಾಮಗಾರಿಯು ಇಂದಿನವರಿಗೆ ಒಂದು ಹೊಸ ಅಪಾಯವನ್ನೂ ಒಡ್ಡಿದೆ. ಮಣ್ಣು, ಕಸ ತುಂಬಿ ಮುಚ್ಚಿಹೋದ ಕಾರೇಜ್ ಬಾವಿಗಳ ಮೇಲೆ ಜೆಸಿಬಿ ಹತ್ತಿದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ನಗರದ ಪಶ್ಚಿಮ ಭಾಗದ ಪಂಚಾಯತಿಗಳು ಕಂದಕದ ಮಾರ್ಗ ಗುರುತಿಸುವಾಗ ಪುರಾತತ್ವ ಇಲಾಖೆಯಿಂದ ಮಾಹಿತಿ ಪಡೆಯುವುದು ಲೇಸು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ಕಾನೂನು ಕಂದಕಕ್ಕೂ ಅನ್ವಯಿಸುತ್ತದೆ.

ವಿಮಾ ಸಂಸ್ಥೆಗಳು ಕಲಿತ ಪಾಠ

1994ರ ಅಕ್ಟೋಬರ್ 21ರಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಅಡಿಯಲ್ಲಿ ನಿರ್ಮಾಣ ಹಂತದಲ್ಲಿದ್ದ ರೈಲು ಸುರಂಗಗಳು ಕುಸಿದವು. ಪ್ರಾಣಹಾನಿ ಸಂಭವಿಸಲಿಲ್ಲ, ಆದರೆ ಗುತ್ತಿಗೆದಾರ ಸಂಸ್ಥೆಗೂ ಸಲಹೆಗಾರ ಸಂಸ್ಥೆಗೂ 1999ರಲ್ಲಿ ನ್ಯಾಯಾಲಯವು ಭಾರಿ ದಂಡ ವಿಧಿಸಿತು. ಅದೇ ದಶಕದಲ್ಲಿ ಇತರ ದೇಶಗಳಲ್ಲಿಯೂ ಸುರಂಗಗಳು ಕುಸಿದು, ವಿಮಾ ಸಂಸ್ಥೆಗಳು ಸಂಗ್ರಹಿಸಿದ ಕಂತಿಗಿಂತ ಹೆಚ್ಚು ಪರಿಹಾರ ಕೊಡುವಂತಾಯಿತು. ಸುರಂಗಗಳಿಗೆ ವಿಮೆಯನ್ನೇ ನಿಲ್ಲಿಸುವ ಮಾತು ಬಂದಾಗ, ವಿಮಾ ಸಂಸ್ಥೆಗಳೂ ಸುರಂಗ ಎಂಜಿನಿಯರುಗಳೂ ಒಟ್ಟಾಗಿ ಕುಳಿತು ಬ್ರಿಟನ್ನಿನಲ್ಲಿ 2003ರಲ್ಲಿ ಒಂದು ನಡವಳಿಕೆ ಸಂಹಿತೆಯನ್ನು ರೂಪಿಸಿದರು. 2006ರಲ್ಲಿ ಅದರ ಅಂತರರಾಷ್ಟ್ರೀಯ ರೂಪವು ಬಂದಿತು. ಅದರ ತಿರುಳು ಇಷ್ಟು: ಯೋಜನೆಯ ಮೊದಲ ದಿನದಿಂದ ‘ಅಪಾಯ ದಾಖಲೆ ಪುಸ್ತಕ’ ಇಡಬೇಕು, ಪ್ರತಿ ಅಪಾಯದ ಮುಂದೆ ಅದಕ್ಕೆ ಹೊಣೆಗಾರ ಯಾರು, ತಡೆಯುವ ಕ್ರಮ ಏನು ಎಂದು ಬರೆಯಬೇಕು, ಈ ಪುಸ್ತಕವನ್ನು ನಿರ್ವಹಿಸದಿದ್ದರೆ ವಿಮೆಯ ರಕ್ಷಣೆಯೂ ಅಲುಗಾಡುತ್ತದೆ.

ನಮ್ಮ ದೇಶದಲ್ಲಿ 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದರು. ಕೊರೆಯುವ ಯಂತ್ರವು ಕೈಕೊಟ್ಟ ಬಳಿಕ ಕೊನೆಯ ಕೆಲವು ಮೀಟರುಗಳನ್ನು ಕೈಯಿಂದ ಅಗೆದು ನವೆಂಬರ್ 28ರಂದು ಎಲ್ಲರನ್ನೂ ಜೀವಂತ ಹೊರತರಲಾಯಿತು. ನಮ್ಮ ಕೃಷ್ಣೆಯದೇ ನೀರನ್ನು ಶ್ರೀಶೈಲದಿಂದ ಒಯ್ಯಲು ತೆಲಂಗಾಣದಲ್ಲಿ ಕೊರೆಯುತ್ತಿದ್ದ ಸುಮಾರು 44 ಕಿಲೋಮೀಟರ್ ಉದ್ದದ ಸುರಂಗದಲ್ಲಿ 2025ರ ಫೆಬ್ರವರಿ 22ರಂದು ಚಾವಣಿ ಕುಸಿದು ನೀರು, ಕೆಸರು ನುಗ್ಗಿದಾಗ ಸಿಲುಕಿದ ಎಂಟು ಮಂದಿಯಲ್ಲಿ ಯಾರೂ ಬದುಕಲಿಲ್ಲ. ಎರಡು ಘಟನೆಗಳನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಮೆಯು ಹಣವನ್ನು ಕೊಡಬಲ್ಲದು, ಹೊರದಾರಿಯನ್ನು ಕೊಡಲಾರದು.

ಪರಿಹಾರದ ಕಾನೂನು: ಸದಸ್ಯರು ತಿಳಿದಿರಲೇಬೇಕಾದದ್ದು

ಕೆಲಸದ ಕಾರಣದಿಂದ ಹಾಗೂ ಕೆಲಸದ ವೇಳೆಯಲ್ಲಿ ಅಪಘಾತವಾಗಿ ಕಾರ್ಮಿಕನು ಮೃತಪಟ್ಟರೆ ಅಥವಾ ಅಂಗವಿಕಲನಾದರೆ ಮಾಲೀಕನು ಪರಿಹಾರ ಕೊಡಬೇಕೆಂಬುದು 1923ರ ನೌಕರರ ಪರಿಹಾರ ಅಧಿನಿಯಮದಿಂದ ಬಂದ ನಿಯಮ. ಈಗ ಇದು 2020ರ ಸಾಮಾಜಿಕ ಭದ್ರತಾ ಸಂಹಿತೆಯ ಏಳನೆಯ ಅಧ್ಯಾಯದಲ್ಲಿ ಮುಂದುವರಿದಿದೆ. ಹಳೆಯ ಅಧಿನಿಯಮದ ಅನುಸೂಚಿಯಲ್ಲಿ ಸುರಂಗ ಹಾಗೂ ಕಾಲುವೆ ನಿರ್ಮಾಣದ ಜೊತೆಗೆ, 12 ಅಡಿಗಿಂತ ಆಳವಾದ ಅಥವಾ ಸ್ಫೋಟಕ ಬಳಸಿದ ಅಗೆತದ ಕೆಲಸವನ್ನೂ ಹೆಸರಿಸಲಾಗಿತ್ತು. ಅಂದರೆ ಬಾವಿ ತೋಡುವವನು ಕಾನೂನಿನ ಕಣ್ಣಿಗೆ ಹೊಸಬನೇನಲ್ಲ.

ಮರಣ ಪ್ರಕರಣದಲ್ಲಿ ಪರಿಹಾರವೆಂದರೆ ಮಾಸಿಕ ವೇತನದ ಶೇ. 50ನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸಿದ ಮೊತ್ತ. ಮೂವತ್ತು ವರ್ಷದವನಿಗೆ ಗುಣಕ 207.98. ಮಾಸಿಕ ವೇತನವನ್ನು 15,000 ರೂ. ಎಂದು ಹಿಡಿದರೆ 7,500ನ್ನು 207.98ರಿಂದ ಗುಣಿಸಿ 15,59,850 ರೂ. ಬರುತ್ತದೆ. ಐವತ್ತು ವರ್ಷದವನಿಗೆ ಗುಣಕ 153.09; ಮೊತ್ತ 11,48,175 ರೂ. ಸಂಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಶೇ. 50ರ ಬದಲು ಶೇ. 60 ಆಗಿರುತ್ತದೆ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12ರ ಬಡ್ಡಿ, ವಿಳಂಬಕ್ಕೆ ಸಮರ್ಥ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ಪಂಚಾಯತಿಯ ಒಂದು ಸಣ್ಣ ಕೊಳವೆ ಕಾಮಗಾರಿಯ ಅಂದಾಜು ಮೊತ್ತವೇ ಇದಕ್ಕಿಂತ ಕಡಿಮೆಯಿರಬಹುದು.

‘ಕೂಲಿಗಳು ಗುತ್ತಿಗೆದಾರನವರು, ಪಂಚಾಯತಿಗೆ ಸಂಬಂಧವಿಲ್ಲ’ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕಾನೂನು ಇಷ್ಟು ಸರಳವಾಗಿಲ್ಲ. ಗುತ್ತಿಗೆಯ ಮೂಲಕ ಕೆಲಸ ಮಾಡಿಸಿದಾಗ, ಗುತ್ತಿಗೆದಾರನ ಕಾರ್ಮಿಕನು ಕೆಲಸ ಮಾಡಿಸುವ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದೆಂಬ ತತ್ವವು 1923ರಿಂದಲೂ ಇದೆ. ಕೊಟ್ಟ ಹಣವನ್ನು ಮೂಲ ಮಾಲೀಕನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ಆದರೆ ಆತನಲ್ಲಿ ವಿಮೆಯೂ ಇಲ್ಲ, ಆಸ್ತಿಯೂ ಇಲ್ಲ ಎಂದಾದರೆ ಆ ಹಕ್ಕಿನಿಂದ ಪ್ರಯೋಜನವೇನು? ತನ್ನ ಹೊಲದ ಬಾವಿಯನ್ನು ಆಳಗೊಳಿಸಲು ತಂಡವನ್ನು ಕರೆಸುವ ರೈತನಿಗೂ ಇಂತಹದೇ ಹೊಣೆ ಬರಬಹುದೆಂದು ಗ್ರಾಮಸಭೆಯಲ್ಲಿ ತಿಳಿಸಬೇಕು.

ಇನ್ನು ಊರಿನ ಹಿರಿಯರ ರಾಜಿಯ ವಿಷಯ. ಅಪಘಾತದಲ್ಲಿ ಒಬ್ಬನು ತೀರಿಕೊಂಡ ಸಂಜೆಯೇ ಕಟ್ಟೆಯ ಮೇಲೆ ಸೇರಿ, ಮನೆಯವರ ಕೈಗೆ ಒಂದಿಷ್ಟು ನಗದು ಕೊಡಿಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ‘ಮುಂದೆ ಏನೂ ಕೇಳುವುದಿಲ್ಲ’ ಎಂದು ಬರೆಸಿಕೊಳ್ಳುವ ರೂಢಿಯಿದೆ. ಹಿರಿಯರ ಉದ್ದೇಶವು ಎರಡೂ ಕಡೆಯವರನ್ನು ಉಳಿಸುವುದೇ ಆಗಿರಬಹುದು. ಆದರೆ ಮರಣದ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಟ್ಟಾಗ ಮಾತ್ರ ಕೊಟ್ಟಂತೆ ಎಣಿಕೆಯಾಗುತ್ತದೆ; ಹಕ್ಕನ್ನು ಬಿಟ್ಟುಕೊಡುವ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೀಗಾಗಿ ವಿಧವೆಗೆ ಹದಿನೈದು ಲಕ್ಷದ ಹಕ್ಕು ಒಂದೆರಡು ಲಕ್ಷಕ್ಕೆ ಇಳಿಯುತ್ತದೆ. ಹಣ ಕೊಟ್ಟವನ ಹೊಣೆಯೂ ಮುಗಿಯುವುದಿಲ್ಲ. ಸದಸ್ಯರು ಇಂತಹ ಕಾಗದಕ್ಕೆ ಸಾಕ್ಷಿ ಹಾಕಬಾರದೆಂಬುದು ಈ ಲೇಖನದ ಸ್ಪಷ್ಟ ಸಲಹೆ. ಅಂತ್ಯಕ್ರಿಯೆಯ ಖರ್ಚಿಗೆ ತಕ್ಷಣ ನೆರವಾಗುವುದು ಬೇರೆ, ಹಕ್ಕನ್ನು ಕೊಳ್ಳುವುದು ಬೇರೆ.

ಯಾವ ವಿಮೆ ಯಾವುದಕ್ಕೆ

ಮೊದಲನೆಯದು ನೌಕರರ ಪರಿಹಾರ ವಿಮೆ. ಮೇಲೆ ಹೇಳಿದ ಕಾನೂನಿನ ಹೊಣೆಯನ್ನು ಗುತ್ತಿಗೆದಾರನ ಪರವಾಗಿ ವಿಮಾ ಸಂಸ್ಥೆಯು ಹೊರುತ್ತದೆ. ಒಂದೇ ಕಾಮಗಾರಿಗೆ, ಕೆಲವೇ ತಿಂಗಳ ಅವಧಿಗೂ ಇದನ್ನು ಪಡೆಯಬಹುದು. ಬಡ್ಡಿ ಮತ್ತು ದಂಡ ಸಾಮಾನ್ಯವಾಗಿ ಇದರಲ್ಲಿ ಸೇರಿರುವುದಿಲ್ಲ. ಉಪಗುತ್ತಿಗೆದಾರನ ಕೂಲಿಗಳನ್ನೂ ಮೂಲ ಮಾಲೀಕನ ಹೊಣೆಯನ್ನೂ ಸೇರಿಸಬೇಕಾದರೆ ಪ್ರತ್ಯೇಕವಾಗಿ ಬರೆಸಬೇಕು. ಪಂಚಾಯತಿಗೆ ಅತ್ಯಂತ ಅಗತ್ಯವಾದ ವಿಮೆ ಇದೇ.

ಎರಡನೆಯದು ಗುತ್ತಿಗೆದಾರನ ಸರ್ವ ಅಪಾಯ ವಿಮೆ. ಇದರ ಒಂದು ಭಾಗವು ಕಾಮಗಾರಿಗೆ ಆಗುವ ಹಾನಿಯನ್ನೂ ಇನ್ನೊಂದು ಭಾಗವು ಹೊರಗಿನವರಿಗೆ, ಅಂದರೆ ದಾರಿಹೋಕರಿಗೆ, ಪಕ್ಕದ ಮನೆಯವರಿಗೆ ಆಗುವ ಹಾನಿಯನ್ನೂ ಒಳಗೊಳ್ಳುತ್ತದೆ. ‘ಸರ್ವ’ ಎಂಬ ಹೆಸರನ್ನು ನಂಬಬಾರದು. ಕಾರ್ಮಿಕರು ಇದರಲ್ಲಿ ಹೊರಗಿನವರಲ್ಲ. ಅವರಿಗೆ ಮೊದಲನೆಯ ವಿಮೆಯೇ ಬೇಕು. ಕಂಪನದಿಂದ ಅಥವಾ ನೆಲದ ಆಸರೆ ತಪ್ಪಿದ್ದರಿಂದ ಪಕ್ಕದ ಗೋಡೆ ಬಿರಿದರೆ, ಅದನ್ನು ಹೆಚ್ಚುವರಿ ಕಂತು ಕೊಟ್ಟು ಸೇರಿಸಿಕೊಂಡಿದ್ದರೆ ಮಾತ್ರ ಪರಿಹಾರ. ಸುರಂಗಗಳ ಪಾಲಿಸಿಯಲ್ಲಿಯಂತೂ ಲೆಕ್ಕಕ್ಕಿಂತ ಹೆಚ್ಚು ಕಲ್ಲು ಕಿತ್ತುಬಂದದ್ದು, ನೆಲ ಬೇರೆಯಾಗಿದ್ದರಿಂದ ಕೆಲಸದ ವಿಧಾನ ಬದಲಿಸಿದ್ದು, ನೀರು ಹೊರಹಾಕಿದ ಖರ್ಚು ಇವುಗಳನ್ನು ಹೊರಗಿಡುವುದು ವಾಡಿಕೆ. ವಿಮಾ ಸಂಸ್ಥೆಯು ಆಕಸ್ಮಿಕವನ್ನು ಹೊರುತ್ತದೆಯೇ ಹೊರತು ಅಂದಾಜಿನ ಕೊರತೆಯನ್ನು ತುಂಬಿಕೊಡುವುದಿಲ್ಲ.

ನೆಲದೊಳಗಿನ ಕೊಳವೆ, ಕೇಬಲ್‌ಗಳ ಬಗ್ಗೆಯೂ ಒಂದು ಷರತ್ತು ಇರುತ್ತದೆ. ಅವು ಎಲ್ಲಿವೆ ಎಂದು ಸಂಬಂಧಪಟ್ಟ ಸಂಸ್ಥೆಗಳನ್ನು ಮೊದಲೇ ಕೇಳಿ ತಿಳಿದುಕೊಂಡಿದ್ದರೆ ಮಾತ್ರ ಅವುಗಳ ಹಾನಿಗೆ ಪರಿಹಾರ. ಹೆಸ್ಕಾಂ, ದೂರವಾಣಿ ಸಂಸ್ಥೆ, ನೀರು ಸರಬರಾಜು ವಿಭಾಗ ಇವರಿಗೆ ಪತ್ರ ಬರೆದು ಪಡೆದ ಉತ್ತರವು ಕಡತದಲ್ಲಿ ಇರಬೇಕು. ‘ಜೆಸಿಬಿ ಚಾಲಕನಿಗೆ ಗೊತ್ತಿತ್ತು’ ಎಂಬುದು ಉತ್ತರವಲ್ಲ. ಕೊಳವೆ ಹಾಸುವ ಕಾಮಗಾರಿಯಲ್ಲಿ ಒಮ್ಮೆಗೆ ಎಷ್ಟು ಮೀಟರ್ ಕಂದಕವನ್ನು ತೆರೆದಿಡಬಹುದು ಎಂಬ ಮಿತಿಯನ್ನೂ ಹಾಕಿರಬಹುದು. ಇಡೀ ಊರಿನ ಓಣಿಗಳನ್ನು ಒಂದೇ ವಾರದಲ್ಲಿ ತೋಡಿಸಿ ತಿಂಗಳುಗಟ್ಟಲೆ ಮುಚ್ಚದೆ ಬಿಡುವ ಗುತ್ತಿಗೆದಾರನು ಜನರ ಕಾಲು ಮುರಿಯುವುದರ ಜೊತೆಗೆ ತನ್ನ ಪಾಲಿಸಿಯನ್ನೂ ಮುರಿಯುತ್ತಿರುತ್ತಾನೆ.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂ. ಕಂತಿಗೆ, 18ರಿಂದ 70 ವರ್ಷದ ಖಾತೆದಾರರಿಗೆ, ಅಪಘಾತದ ಮರಣಕ್ಕೆ 2 ಲಕ್ಷ ರೂ. ದೊರೆಯುತ್ತದೆ. ಅವಧಿಯು ಜೂನ್ 1ರಿಂದ ಮೇ 31ರವರೆಗೆ. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ರಕ್ಷಣೆ ಕಡಿದುಹೋಗುತ್ತದೆ. ಇದು ಕಾರ್ಮಿಕನ ಸ್ವಂತ ವಿಮೆ. ಮಾಲೀಕನ ಹೊಣೆಯಿಂದ ಇದನ್ನು ಕಳೆಯುವಂತಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇ. 1ರಂತೆ ಸುಂಕ ಸಲ್ಲುತ್ತದೆ. ಕಾಲುವೆ, ಸುರಂಗ, ಕೊಳವೆ ಮಾರ್ಗದ ಕೆಲಸವೂ ಆ ಕಾನೂನಿನ ‘ನಿರ್ಮಾಣ ಕಾರ್ಯ’ದಲ್ಲಿ ಸೇರಿರುವುದರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಇಂತಹ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಸುಂಕ ಕಡಿತವಾಗುತ್ತದೆ, ಆದರೆ ಕಂದಕದಲ್ಲಿ ನಿಂತವನ ಬಳಿ ಕಾರ್ಡು ಇರುವುದಿಲ್ಲ ಎಂಬ ಸ್ಥಿತಿಯನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಪರಿಶೀಲಿಸಬೇಕು.

ಕಾರ್ಯಾದೇಶಕ್ಕೆ ಮುನ್ನ ಪಾಲಿಸಿಯನ್ನು ಓದುವುದು

ಉದಾಹರಣೆಗಾಗಿ ಬಬಲೇಶ್ವರ ತಾಲ್ಲೂಕಿನ ಎರೆಭೂಮಿಯ ಒಂದು ಗ್ರಾಮವನ್ನು ಕಲ್ಪಿಸಿಕೊಳ್ಳೋಣ. ಮೇಲ್ತೊಟ್ಟಿಯಿಂದ ಹೊಸ ಬಡಾವಣೆಗೆ ಕೊಳವೆ ಹಾಸಬೇಕು. ಒಂದು ಕಡೆ ಕಂದಕವು ಎರಡೂವರೆ ಮೀಟರ್ ಆಳಕ್ಕೆ ಹೋಗುತ್ತದೆ. ಗುತ್ತಿಗೆದಾರನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಮೇಜಿನ ಮೇಲೆ ಒಂದು ಪಾಲಿಸಿಯ ನಕಲನ್ನು ಇಡುತ್ತಾನೆ. ಮೇಲ್ನೋಟಕ್ಕೆ ಎಲ್ಲವೂ ಸರಿ. ಓದಿದಾಗ ಕಾಣುವುದೇನು? ಕೆಲಸದ ಸ್ವರೂಪ ‘ರಸ್ತೆ ಡಾಂಬರೀಕರಣ’. ಸ್ಥಳ ಬೇರೆ ತಾಲ್ಲೂಕು. ಕಾರ್ಮಿಕರ ಸಂಖ್ಯೆ 5, ಕಂದಕದಲ್ಲಿ ಇಳಿಯುವವರು 18. ಅವಧಿ ಮುಂದಿನ ತಿಂಗಳು ಮುಗಿಯುತ್ತದೆ, ಕಾಮಗಾರಿಯ ಅವಧಿ ಆರು ತಿಂಗಳು. ಇಂತಹ ಪಾಲಿಸಿಯು ಇದ್ದೂ ಇಲ್ಲದಂತೆ. ಇಂಗ್ಲಿಷಿನಲ್ಲಿರುವ ಕಾಗದವೆಂದು ಸದಸ್ಯರು ಹಿಂಜರಿಯಬೇಕಾಗಿಲ್ಲ. ವಿಮೆ ಪಡೆದವನ ಹೆಸರು, ಕೆಲಸದ ಸ್ವರೂಪ, ಸ್ಥಳ, ಕಾರ್ಮಿಕರ ಸಂಖ್ಯೆ ಹಾಗೂ ವೇತನ, ಆರಂಭ ಮತ್ತು ಅಂತ್ಯದ ದಿನಾಂಕ ಇವಿಷ್ಟನ್ನು ಓದಿಸಿ ಸಭಾ ನಡಾವಳಿಯಲ್ಲಿ ಬರೆಸಿದರೆ ಸಾಕು. ಪಾಲಿಸಿ ಸಂಖ್ಯೆಯನ್ನು ವಿಮಾ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವ ಕೆಲಸ ಅಧಿಕಾರಿಯದು; ಖಚಿತಪಡಿಸಿಕೊಂಡಿರಾ ಎಂದು ಕೇಳುವ ಕೆಲಸ ಸದಸ್ಯರದು.

ಕಂತಿನ ಹಣ ಎಲ್ಲಿಂದ ಎಂಬ ಪ್ರಶ್ನೆಯೂ ನ್ಯಾಯವಾದುದೇ. ವಿಮೆಯ ವೆಚ್ಚವನ್ನು ಟೆಂಡರ್ ಷರತ್ತಿನಲ್ಲಿ ಸ್ಪಷ್ಟವಾಗಿ ಹೇಳದಿದ್ದರೆ, ಅದನ್ನು ಲೆಕ್ಕಕ್ಕೆ ಹಿಡಿದ ಪ್ರಾಮಾಣಿಕ ಗುತ್ತಿಗೆದಾರನು ಹೆಚ್ಚಿನ ದರ ಬರೆದು ಸೋಲುತ್ತಾನೆ, ಬಿಟ್ಟವನು ಗೆಲ್ಲುತ್ತಾನೆ. ಕಂದಕದ ಆಸರೆಗೂ ಇದೇ ಮಾತು ಅನ್ವಯ. ಎರಡನ್ನೂ ಅಂದಾಜು ಪತ್ರಿಕೆಯಲ್ಲಿ ಪ್ರತ್ಯೇಕ ಬಾಬುಗಳಾಗಿ ತೋರಿಸುವಂತೆ ಕಿರಿಯ ಎಂಜಿನಿಯರರನ್ನು ಕೇಳಬಹುದು.

ಕಾಮಗಾರಿ ಸ್ಥಳದಲ್ಲಿ

ಒಂದೂವರೆ ಮೀಟರಿಗಿಂತ ಆಳವಾದ ಕಂದಕಕ್ಕೆ ಹಲಗೆ ಮತ್ತು ಅಡ್ಡಗಟ್ಟುಗಳ ಆಸರೆ ಕೊಡಬೇಕು, ಇಲ್ಲವೇ ಗೋಡೆಯನ್ನು ಇಳಿಜಾರಾಗಿ ಕಡಿಯಬೇಕು. ತೋಡಿದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಕಂದಕದ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು. ಓಣಿ ಇಕ್ಕಟ್ಟಾಗಿದ್ದರೆ ಮಣ್ಣನ್ನು ಬೇರೆಡೆ ಸಾಗಿಸುವ ಖರ್ಚನ್ನು ಅಂದಾಜಿನಲ್ಲಿಯೇ ಸೇರಿಸಬೇಕು. ಇಳಿಯಲು, ಹತ್ತಲು ಏಣಿ ಬೇಕು. ಮಳೆಯಾದ ಮರುದಿನ ಎಂಜಿನಿಯರರು ನೋಡದೆ ಯಾರನ್ನೂ ಇಳಿಸಬಾರದು. ಕೆಲಸ ಆರಂಭಕ್ಕೆ ಮುನ್ನ ಮಾರ್ಗದ ಎರಡೂ ಬದಿಯ ಮನೆಗಳ ಗೋಡೆಗಳನ್ನು, ಇರುವ ಬಿರುಕುಗಳ ಸಮೇತ, ದಿನಾಂಕ ಸಹಿತ ಚಿತ್ರ ತೆಗೆದು ಮನೆಯವರ ಸಹಿಯೊಡನೆ ಪಂಚನಾಮೆ ಮಾಡಿಟ್ಟರೆ ಮುಂದಿನ ಅರ್ಧ ವ್ಯಾಜ್ಯಗಳು ಹುಟ್ಟುವುದೇ ಇಲ್ಲ.

ಬಾವಿಯಲ್ಲಿ ಅಪಾಯ ಮಣ್ಣಿನಿಂದ ಮಾತ್ರವಲ್ಲ, ಗಾಳಿಯಿಂದಲೂ ಬರುತ್ತದೆ. ಬಾವಿಯೊಳಗೆ ಡೀಸೆಲ್ ಎಂಜಿನ್ ಇಳಿಸಿ ನೀರೆತ್ತಿದರೆ ಅದರ ಹೊಗೆಯು ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವನ್ನು ತಳದಲ್ಲಿ ತುಂಬುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯು ಪ್ರಾಣವಾಯು ಕಡಿಮೆಯಾದುದನ್ನು ತೋರಿಸಬಹುದು. ಈ ವಿಷಾನಿಲವನ್ನು ತೋರಿಸುವುದಿಲ್ಲ. ಒಬ್ಬನು ಬಿದ್ದನೆಂದು ಇನ್ನೊಬ್ಬನು ಹಗ್ಗವಿಲ್ಲದೆ ಇಳಿಯುವುದರಿಂದಲೇ ಸಾವುಗಳು ಜೋಡಿಯಾಗುತ್ತವೆ. ಸ್ಫೋಟಕ ಬಳಸುವುದಿದ್ದರೆ ಪರವಾನಗಿ ಪಡೆದವರೇ ಮಾಡಬೇಕು. ಆ ವಿಷಯ ಪಾಲಿಸಿಯಲ್ಲಿ ನಮೂದಾಗಿರಬೇಕು.

ಒಳಚರಂಡಿಯ ಆಳಗುಂಡಿ ಹಾಗೂ ಶೌಚದ ಗುಂಡಿಗಳ ವಿಷಯದಲ್ಲಿ ವಿಮೆಯ ಮಾತೇ ಬರುವುದಿಲ್ಲ. ಸುರಕ್ಷಾ ಸಾಧನವಿಲ್ಲದೆ ಸ್ವಚ್ಛತೆಗಾಗಿ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಇಂತಹ ಮರಣಕ್ಕೆ 30 ಲಕ್ಷ ರೂ. ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 20ರಂದು ಆದೇಶಿಸಿತು.

ಕೊಳವೆ ಬಾವಿ

2014ರ ಜೂನ್ ತಿಂಗಳಲ್ಲಿ ನಾಗಠಾಣದಲ್ಲಿ ತೆರೆದ ಕೊಳವೆ ಬಾವಿಗೆ ಬಿದ್ದ ಬಾಲಕಿಯು ಬದುಕುಳಿಯಲಿಲ್ಲ. 2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗು ಕೊಳವೆ ಬಾವಿಗೆ ತಲೆಕೆಳಗಾಗಿ ಬಿದ್ದಿತು. ಪಕ್ಕದಲ್ಲಿ ಸಮಾನಾಂತರ ಗುಂಡಿ ತೋಡಿ, ಅಲ್ಲಿಂದ ಕಲ್ಲಿನಲ್ಲಿ ಅಡ್ಡ ಸುರಂಗ ಕೊರೆದು, ಸುಮಾರು 20 ಗಂಟೆಗಳ ಬಳಿಕ ಮಗುವನ್ನು ಜೀವಂತವಾಗಿ ಹೊರತೆಗೆದರು. ಆ ಅಡ್ಡ ಸುರಂಗವನ್ನು ಕೊರೆದವರೂ ಕುಸಿಯಬಹುದಾದ ನೆಲದೊಳಗೆಯೇ ದುಡಿದರೆಂಬುದನ್ನು ನಾವು ಮರೆತುಬಿಡುತ್ತೇವೆ.

ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಕೊಟ್ಟ ನಿರ್ದೇಶನಗಳ ಪ್ರಕಾರ ಕೊಳವೆ ಬಾವಿ ಕೊರೆಸುವ 15 ದಿನ ಮೊದಲು ಜಮೀನಿನ ಮಾಲೀಕನು ಲಿಖಿತವಾಗಿ ತಿಳಿಸಬೇಕು. ಕೊರೆಯುವ ಸಂಸ್ಥೆಗೆ ನೋಂದಣಿ ಇರಬೇಕು. ಸ್ಥಳದಲ್ಲಿ ಫಲಕ, ಸುತ್ತ ಮುಳ್ಳುತಂತಿ ಬೇಲಿ ಇರಬೇಕು. ಕೇಸಿಂಗ್ ಕೊಳವೆಯ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ಉಕ್ಕಿನ ಮುಚ್ಚಳ ಬೇಕು. ನೀರು ಬಾರದ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ದ್ರಾಕ್ಷಿ ತೋಟಗಳ ತಿಕೋಟಾ ಭಾಗದಲ್ಲಿ ಒಂದೇ ಹೊಲದಲ್ಲಿ ಹಲವು ಬಾರಿ ಕೊರೆಸಿದ ರೈತರಿದ್ದಾರೆ. ಕೊನೆಯದಕ್ಕೆ ಪಂಪು ಇರುತ್ತದೆ, ಹಿಂದಿನವುಗಳ ಬಾಯಿಗೆ ಗೋಣಿಚೀಲವಿರುತ್ತದೆ. ಪ್ರತಿ ಸದಸ್ಯರು ತಮ್ಮ ವಾರ್ಡಿನ ವಿಫಲ ಕೊಳವೆ ಬಾವಿಗಳ ಪಟ್ಟಿಯನ್ನು ಸರ್ವೆ ಸಂಖ್ಯೆ ಸಹಿತ ಮಾಡಿಸಿ ಪಂಚಾಯತಿಗೆ ಒಪ್ಪಿಸಬಹುದು. ಇದಕ್ಕೆ ಅನುದಾನ ಬೇಕಾಗಿಲ್ಲ.

ಅಪಘಾತವಾದರೆ

ಜೀವ ಉಳಿಸುವ ಕೆಲಸ ಮೊದಲು. ಕುಸಿದ ಕಂದಕದಲ್ಲಿ ಹೂತವನನ್ನು ಜೆಸಿಬಿಯ ಬಕೆಟ್ಟಿನಿಂದ ತೆಗೆಯಲು ಹೋಗಬಾರದು; ಯಂತ್ರದ ಭಾರದಿಂದಲೇ ಇನ್ನೊಂದು ಗೋಡೆ ಬೀಳಬಹುದು, ಬಕೆಟ್ಟಿನ ಹಲ್ಲು ದೇಹಕ್ಕೆ ತಾಗಬಹುದು. ಅಗ್ನಿಶಾಮಕ ದಳಕ್ಕೆ ಮತ್ತು 112ಕ್ಕೆ ಕರೆ ಮಾಡಿ, ಅಂಚಿನಿಂದ ಜನರನ್ನು ದೂರ ಸರಿಸಬೇಕು. ಅನಂತರ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ, ಆ ದಿನದ ಹಾಜರಿ ಪುಸ್ತಕ, ವೇತನದ ದಾಖಲೆ, ಸ್ಥಳದ ಚಿತ್ರಗಳು ಇವುಗಳನ್ನು ಒಂದೆಡೆ ಸೇರಿಸಬೇಕು. ವಿಮಾ ಸಂಸ್ಥೆಗೆ ತಕ್ಷಣ ಲಿಖಿತ ಸೂಚನೆ ಹೋಗಬೇಕು. ಅದರ ಸರ್ವೇಯರ್ ಬರುವವರೆಗೆ, ರಕ್ಷಣೆಗೆ ಅಗತ್ಯವಾದಷ್ಟನ್ನು ಬಿಟ್ಟು, ಸ್ಥಳವನ್ನು ಬದಲಿಸಬಾರದು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಕೂಲಿಯ ಪ್ರಕರಣವು ಹೆಚ್ಚು ಕಾಲ ಎಳೆಯುತ್ತದೆ. ಆದುದರಿಂದ ಬೆಳಿಗ್ಗೆ ಕಂದಕಕ್ಕೆ ಇಳಿಯುವ ಮೊದಲೇ ಹೆಸರು ಬರೆಯುವ ಪದ್ಧತಿಯನ್ನು ಷರತ್ತಾಗಿಸಬೇಕು. ಪರಿಹಾರದ ಅರ್ಜಿಗೆ ಎರಡು ವರ್ಷಗಳ ಕಾಲಮಿತಿ ಇದೆಯೆಂದು ಕುಟುಂಬಕ್ಕೆ ತಿಳಿಸುವುದೂ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿನ ದಾರಿ ತೋರಿಸುವುದೂ ಸದಸ್ಯರಿಂದ ಆಗಬಹುದಾದ ಕೆಲಸಗಳು.

ಕಾಮಗಾರಿ ಮುಗಿದಾಗ ಕೊಳವೆ ಮಾರ್ಗದ ನಕ್ಷೆಯನ್ನು, ಪ್ರತಿ ತಿರುವಿನಲ್ಲಿ ಎಷ್ಟು ಆಳವಿದೆ ಎಂಬ ವಿವರದೊಡನೆ, ಗುತ್ತಿಗೆದಾರನಿಂದ ಪಡೆದು ಪಂಚಾಯತಿಯ ವಹಿಯಲ್ಲಿ ಸೇರಿಸಬೇಕು. ಕಂದಕ ತೋಡಿದಾಗ ಯಾವ ಆಳದಲ್ಲಿ ಎರೆ, ಗರಸು, ಕಲ್ಲು ಅಥವಾ ನೀರು ಸಿಕ್ಕಿತು ಎಂಬ ಟಿಪ್ಪಣಿಯೂ ಅದರ ಜೊತೆಗಿರಲಿ. ಅಳತೆ ಪುಸ್ತಕದಿಂದಲೇ ಇದನ್ನು ತೆಗೆಯಬಹುದು. ಈ ಎರಡು ಹಾಳೆಗಳು ಕಡತಕ್ಕೆ ಬಂದ ಮೇಲೆಯೇ ಅಂತಿಮ ಬಿಲ್ಲನ್ನು ಪಾವತಿಸತಕ್ಕದ್ದು ಎಂದು ಸಾಮಾನ್ಯ ಸಭೆಯಲ್ಲಿ ಒಮ್ಮೆ ಠರಾವು ಮಾಡಿಟ್ಟರೆ, ಮುಂದಿನ ಪ್ರತಿ ಕಾಮಗಾರಿಗೂ ಅದು ಅನ್ವಯಿಸುತ್ತದೆ.